ಸೀರೆಯ ದುಡ್ಡು ಹಲ್ಲಿಗೆ ಹೋದ ಶ್ರಾವಣ

ಕಳೆದ ತಿಂಗಳು ಥಾಣೆಯಿಂದ ಡೊಂಬಿವಲಿಗೆ ವಾಪಸು ಬರುತ್ತಿದ್ದೆ. ಸ್ಲೋ ಲೋಕಲ್ಲು, ಲೇಡೀಸ್ ಡಬ್ಬ, ಕೂರಲು ಜಾಗ ಸಿಕ್ಕಿದ್ದೇ ಪುಣ್ಯ. ಕಳವಾ ಸ್ಟೇಷನ್ನಿನ ಮುಂಚೆ ಸಿಗುವ ಖಾಡಿ, ಆ ಸಮುದ್ರದ ಹಿನ್ನೀರು, ದಾಟುವಾಗ ಎಂದಿನಂತೆ ಕೆಸರಿನ ವಾಸನೆ ಒಳಗೆ ಬಂತು, ಅದರ ಬೆನ್ನಿಗೇ ಲವಂಗದ ಎಣ್ಣೆಯ ವಾಸನೆ. ನೋಡಿದರೆ ಎದುರಿನ ಸೀಟಿನ ಹೆಂಗಸು ದವಡೆಗೆ ಹತ್ತಿ ಇಟ್ಟುಕೊಂಡು, ಒಂದು ಕೆನ್ನೆ ಊದಿಸಿಕೊಂಡು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿದ್ದಾಕೆ ಯಾವುದೋ ಮದುವೆಯ ಸುದ್ದಿ ಹೇಳುತ್ತಲೇ ಇದ್ದಳು, ಈಕೆ ಪಾಪ ತಲೆಯಾಡಿಸುತ್ತಲೇ ಇದ್ದಳು. ಹಲ್ಲುನೋವಿನವರಿಗೆ ಯಾರೂ ಮರುಗುವುದಿಲ್ಲ. ಜ್ವರ ಬಂದರೆ ಗಂಜಿ ಮಾಡಿಕೊಡುತ್ತಾರೆ, ಕಾಲು ಮುರಿದರೆ ಎಳನೀರು ಹಿಡಿದುಕೊಂಡು ನೋಡಲು ಬರುತ್ತಾರೆ, ಹಲ್ಲು ನೋವೆಂದರೆ ಮಾತ್ರ ಕೀಳಿಸಿಬಿಡಿ ಎಂದು ಹೇಳಿ ಟಿವಿ ಕಡೆ ತಿರುಗುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮನೆಯ ಒಂದು ಮಳೆಗಾಲ ಇಡಿಯಾಗಿ ನೆನಪಾಯಿತು. ಅವತ್ತಿನ ಸಿಟ್ಟು ಕೂಡ ಹೊಸದಾಗಿ ಏರಿತು.

ನಾವು ಬಾಗಲಕೋಟೆ ಕಡೆಯವರು. ಮದುವೆಯಾದ ವರ್ಷವೇ ನಾನು ಈ ಕಡೆ ಬಂದೆ. ಮನೆಯವರು ರಬಾಳೆಯ ಒಂದು ಕಂಪನಿಯಲ್ಲಿ ಮಷೀನು ರಿಪೇರಿಯ ಸೂಪರ್‌ವೈಸರ್. ಮನೆಯಲ್ಲಿ ಅತ್ತೆ, ಮತ್ತು ಕಾಲೇಜಿಗೆ ಹೋಗುವ ಮಗಳು ಪ್ರಿಯಾ. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳವೇನೂ ನಿಲ್ಲುವುದಿಲ್ಲ. ನನ್ನ ಕೆಲಸ ರೊಟ್ಟಿ. ಜೋಳದ ಕಡಕ್ ರೊಟ್ಟಿ ಮಾಡಿ ಥಾಣೆಯಿಂದ ಕಲ್ಯಾಣದವರೆಗಿನ ನಮ್ಮ ಜನಕ್ಕೆ ಮಾರುತ್ತೇನೆ. ವರ್ಷವಿಡೀ ಗಿರಾಕಿ ಇದ್ದರೂ ಸುಗ್ಗಿ ಎಂದರೆ ಶ್ರಾವಣವೇ. ನಾಗರ ಪಂಚಮಿಯ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಊರಲ್ಲಾದರೆ ಅಷ್ಟೂ ಮನೆಗಳಲ್ಲಿ ರೊಟ್ಟಿ ಬಡಿದು, ಹತ್ತಾರು ಪಲ್ಯ ಮಾಡಿ, ತಟ್ಟೆ ತುಂಬಿಸಿ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಕಳಿಸುತ್ತಾರೆ. ಇಲ್ಲಿ ಎಲ್ಲ ಹೆಂಗಸರೂ ನೌಕರಿಗೆ ಹೋಗುವವರು, ಬಡಿಯಲು ಯಾರಿಗೆ ಪುರಸೊತ್ತು? ಹಾಗಾಗಿ ಎಲ್ಲರ ರೊಟ್ಟಿ ನನ್ನ ಕೈಯಿಂದಲೇ ಆಗಬೇಕು.

ಬಿಸಿಲಿನ ಊರಿನ ರೊಟ್ಟಿಯನ್ನು ಮುಂಬಯಿ ಮಳೆಯಲ್ಲಿ ಒಣಗಿಸುವುದೆಂದರೆ ತಮಾಷೆಯಲ್ಲ. ಗೋಡೆಯೇ ಬೆವರುತ್ತಿರುತ್ತದೆ. ಹಂಚಿನಿಂದ ತೆಗೆದ ರೊಟ್ಟಿಯನ್ನು ಫ್ಯಾನಿನ ಕೆಳಗೆ ಆರಿಸಿ, ಮತ್ತೆ ಸಣ್ಣ ಉರಿಯ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಕಡಕ್ ಮಾಡಬೇಕು. ಆಮೇಲೆ ಪರೀಕ್ಷೆ. ಪ್ರತಿ ಗುಡ್ಡೆಯ ತಳದಿಂದ ಒಂದು ರೊಟ್ಟಿ ತೆಗೆದು, ನಡುವಿನ ಚೂರು ಮುರಿದು ದವಡೆ ಹಲ್ಲಿಗೆ ಕೊಡುವುದು. ಕೈಗೆ ಮೋಸವಾಗುತ್ತದೆ, ಅಂಚು ಗಟ್ಟಿ ಇದ್ದರೆ ಕೈ ಸಾಕೆನ್ನುತ್ತದೆ. ನಡುವಿನಲ್ಲಿ ಹಸಿ ಉಳಿದಿದ್ದರೆ ಅದು ಹಲ್ಲಿಗೆ ಮಾತ್ರ ಗೊತ್ತಾಗುತ್ತದೆ. ಒಣಗಿದ್ದರೆ ಕಟುಂ ಎನ್ನುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಜಗ್ಗುತ್ತದೆ. ನಮ್ಮವ್ವ ಹಾಗೇ ನೋಡುತ್ತಿದ್ದಳು, ನಾನೂ ಹಾಗೇ ನೋಡುತ್ತಿದ್ದೆ. ಎಡಗಡೆಯ ದವಡೆ ಹಲ್ಲು ಹಿಂದೆಯೇ ಹೋಗಿತ್ತು, ಹಾಗಾಗಿ ಎಲ್ಲ ಭಾರ ಬಲಗಡೆಯ ಒಂದು ಹಲ್ಲಿನ ಮೇಲೆ.

ಅದೇ ಮುರಿಯಿತು. ಪಂಚಮಿಗೆ ಇನ್ನೂ ಸಾಕಷ್ಟು ದಿನ ಇತ್ತು, ಆರ್ಡರುಗಳು ಆಗತಾನೇ ಶುರುವಾಗಿದ್ದವು. ಮಧ್ಯಾಹ್ನ ಒಂದು ಗುಡ್ಡೆ ಮುಗಿಸಿ ಚೂರು ಬಾಯಿಗೆ ಹಾಕಿಕೊಂಡೆ. ಕಟುಂ ಎಂದಿತು, ಆದರೆ ಅದು ರೊಟ್ಟಿಯ ಸದ್ದಲ್ಲ. ಒಂದು ಗಳಿಗೆ ಏನೂ ಗೊತ್ತಾಗಲಿಲ್ಲ, ಆಮೇಲೆ ಕಿವಿಯಿಂದ ನೆತ್ತಿಯವರೆಗೆ ಯಾರೋ ಸಲಾಕೆ ಎಳೆದಂತಾಯಿತು. ಉಗುಳಿ ನೋಡಿದರೆ ಅಂಗೈಯಲ್ಲಿ ಹಲ್ಲಿನ ಅರ್ಧ ಗೋಡೆ ಬಿದ್ದಿತ್ತು.

ಅತ್ತೆ ತಮ್ಮ ಮಿಶ್ರಿಯ ಡಬ್ಬಿ ತಂದರು. ಸುಟ್ಟು ಪುಡಿ ಮಾಡಿದ ತಂಬಾಕು ಅದು, ವಸಡಿಗೆ ತಿಕ್ಕಿದರೆ ಬಾಯಿ ಜೋಮು ಹಿಡಿಯುತ್ತದೆ. ಅವರಿಗೆ ಹಲ್ಲೇ ಇಲ್ಲ, ಇಡೀ ಬಾಯಿ ಬೋಳು. ಹಲ್ಲಿನ ಸೆಟ್ಟನ್ನೂ ಕಟ್ಟಿಸಿಕೊಂಡವರಲ್ಲ. ಹಲ್ಲಿಲ್ಲದವರಿಗೆ ಹಲ್ಲುನೋವೂ ಇಲ್ಲ, ತೆಗೆಸಿಬಿಡು ಎಂದು ಅವರ ಉಪದೇಶ. ಮಿಶ್ರಿ ನನಗೆ ಸೇರಲಿಲ್ಲ, ತಲೆ ಸುತ್ತಿ ವಾಂತಿಯಾಯಿತು. ಲವಂಗ ಕಚ್ಚಿಕೊಂಡೆ, ಬೆಳ್ಳುಳ್ಳಿ ಜಜ್ಜಿ ಇಟ್ಟೆ, ಮೆಡಿಕಲ್ಲಿನವನು ಕೊಟ್ಟ ಗುಳಿಗೆ ನುಂಗಿದೆ. ನೋವು ಒಂದು ತಾಸು ಹೊರಗೆ ಅಡ್ಡಾಡಿ ಮತ್ತೆ ಮನೆಗೆ ಬರುತ್ತಿತ್ತು.

ಸ್ಟೇಷನ್ ಹತ್ತಿರ ಒಂದು ಹೊಸ ಕ್ಲಿನಿಕ್ಕು, ಎಸಿ, ಗಾಜಿನ ಬಾಗಿಲು, ಪ್ರಿಯಾ ಕರೆದುಕೊಂಡು ಹೋದಳು. ಅಲ್ಲಿ ನನ್ನ ಬಾಯಿಯನ್ನು ಟಿವಿಯಲ್ಲಿ ತೋರಿಸಿದರು. ಸ್ವಂತ ಬಾಯಿಯ ಒಳಗನ್ನು ಅಷ್ಟು ದೊಡ್ಡದಾಗಿ ಯಾರೂ ನೋಡಬಾರದು. ಮುರಿದ ಹಲ್ಲಿಗೆ ರೂಟ್ ಕೆನಾಲು, ಮೇಲೆ ಕ್ಯಾಪು, ಎಡಗಡೆ ಖಾಲಿ ಜಾಗಕ್ಕೆ ಇಂಪ್ಲಾಂಟು, ಇನ್ನು ಮೂರ್ನಾಲ್ಕಕ್ಕೆ ಸಿಮೆಂಟು ಎಂದು ಹೇಳುತ್ತ ಹೋದರು. ಕೊನೆಗೆ ಹೇಳಿದ ಮೊತ್ತ ಕೇಳಿ ಪ್ರಿಯಾ ನನ್ನ ಮುಖ ನೋಡಿದಳು, ನಾನು ಟಿವಿಯಲ್ಲಿದ್ದ ನನ್ನ ಬಾಯಿ ನೋಡಿದೆ. ನಮ್ಮ ಮನೆಯ ಫ್ರಿಜ್ಜು, ವಾಷಿಂಗ್ ಮಷೀನು ಎರಡನ್ನೂ ಒಟ್ಟಿಗೆ ಕೊಂಡಾಗಲೂ ಅಷ್ಟು ಆಗಿರಲಿಲ್ಲ. ಇಎಂಐ ಮಾಡಿಕೊಡ್ತೀವಿ ಕಾಕೂ ಎಂದು ಕೌಂಟರಿನ ಹುಡುಗಿ ನಕ್ಕಳು. ಮನೆಯವರ ಕಂಪನಿಯ ಮೆಡಿಕ್ಲೇಮಿಗೆ ಕೇಳಿಸಿದರೆ ಹಲ್ಲು ಅದರಲ್ಲಿ ಬರುವುದಿಲ್ಲವಂತೆ. ಕಿಡ್ನಿ ಬರುತ್ತದೆ, ಮೊಣಕಾಲು ಬರುತ್ತದೆ, ಹಲ್ಲು ಮಾತ್ರ ನಮ್ಮ ದೇಹದಲ್ಲಿ ಬಾಡಿಗೆಗೆ ಇದ್ದಂತೆ.

ಮನೆಯವರು ಲೆಕ್ಕ ಹಾಕಲಿಕ್ಕೂ ಕೂರಲಿಲ್ಲ. ಕೀಳಿಸಿಬಿಡು ಎಂದರು. ಕೀಳಿಸಲು ಕೆಲವೇ ನೂರು, ಉಳಿಸಲು ಸಾವಿರಗಟ್ಟಲೆ, ಹಿಂದಿನ ಹಲ್ಲು ಯಾರಿಗೆ ಕಾಣುತ್ತದೆ ಎಂಬುದು ಅವರ ವಾದ. ಇದರಲ್ಲಿ ಅವರದೇನೂ ದುಷ್ಟತನ ಇರಲಿಲ್ಲ, ಅದು ನನಗೆ ಗೊತ್ತು. ಮನೆಯ ಸಾಲದ ಕಂತು, ಮಗಳ ಫೀಸು, ಎಲ್ಲ ಇತ್ತು. ಆದರೆ ಹಿಂದಿನ ವರ್ಷ ಇವರಿಗೆ ಸೂಪರ್‌ವೈಸರ್ ಕೆಲಸದ ಇಂಟರ್‌ವ್ಯೂ ಬಂದಾಗ ಮುಂದಿನ ಹಲ್ಲೊಂದು ಕಪ್ಪಾಗಿದೆ ಎಂದು ಬಿಳಿ ಕ್ಯಾಪು ಹಾಕಿಸಿಕೊಂಡು ಬಂದಿದ್ದರು. ಅವತ್ತು ಮನೆಯಲ್ಲಿ ಒಂದು ಮಾತೂ ಆಗಿರಲಿಲ್ಲ. ಎಷ್ಟಾಯಿತು ಎಂದು ನಾನು ಕೇಳಿರಲಿಲ್ಲ, ಚಂದ ಕಾಣುತ್ತದೆ ಎಂದಿದ್ದೆ. ಈಗ ಆ ಬಿಳಿ ಹಲ್ಲಿನಿಂದಲೇ ನನಗೆ ಕೀಳಿಸು ಎನ್ನುತ್ತಿದ್ದರು.

ಇನ್ನೊಂದು ಮಾತಿತ್ತು. ಪಂಚಮಿ ರೊಟ್ಟಿಯ ದುಡ್ಡು ನಮ್ಮ ಮನೆಯಲ್ಲಿ ಯಾವತ್ತೂ ನನ್ನ ದುಡ್ಡಾಗಿರಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಬಂದವರಿಗೆ ಅಣ್ಣ ಸೀರೆ ಉಡಿಸಬೇಕು. ನನ್ನ ನಾದಿನಿ ಸುಶೀಲಾ ಶಹಾಡಿನಲ್ಲಿದ್ದಾಳೆ. ನಾನು ಬಂದ ಮೇಲಿನ ಎಲ್ಲ ಪಂಚಮಿಗಳಲ್ಲೂ ಅಣ್ಣನ ಹೆಸರಲ್ಲಿ ಅವಳು ಉಟ್ಟ ಇಳಕಲ್ ಸೀರೆ ನನ್ನ ರೊಟ್ಟಿಯಿಂದ ಬಂದದ್ದು. ನನಗೆ ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಖುಷಿಯಿಂದಲೇ ಆರಿಸಿ ತರುತ್ತಿದ್ದೆ. ಆ ವರ್ಷ ಮಾತ್ರ ಕೆನ್ನೆ ಹಿಡಿದುಕೊಂಡು ಕೂತು ಯೋಚಿಸಿದೆ. ರೊಟ್ಟಿ ನನ್ನದು, ಹಲ್ಲು ನನ್ನದು, ಹಲ್ಲು ಮುರಿದದ್ದು ರೊಟ್ಟಿಯ ಕೆಲಸದಲ್ಲಿ. ಹಾಗಿದ್ದ ಮೇಲೆ ರೊಟ್ಟಿಯ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು? ಈ ಸಲ ಸೀರೆ ಇಲ್ಲ ಎಂದು ಅವತ್ತು ಸಂಜೆ ಹೇಳಿಯೇಬಿಟ್ಟೆ. ಮನೆಯವರು ನೋವಿನಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡರು.

ಅಷ್ಟರಲ್ಲಿ ಆರ್ಡರು ನಿಲ್ಲಿಸುವಂತಿರಲಿಲ್ಲ. ಬಡಿಯಲು ಕೈ ಇತ್ತು, ನೋಡಲು ಹಲ್ಲಿರಲಿಲ್ಲ. ಪರೀಕ್ಷೆಯ ಕೆಲಸ ಪ್ರಿಯಾಗೆ ಕೊಟ್ಟೆ. ಅವಳಿಗೆ ಮೂವತ್ತೆರಡೂ ಗಟ್ಟಿ ಹಲ್ಲು, ಆದರೆ ಹುಟ್ಟಿದಾಗಿನಿಂದ ತಿಂದದ್ದು ಪಾವ್ ಮತ್ತು ಚಪಾತಿ. ಒಂದು ಚೂರು ಕಡಿದು, ಕಣ್ಣು ಮೊಬೈಲಿನಲ್ಲಿ ಇಟ್ಟು, ಎಲ್ಲದಕ್ಕೂ 'ಠೀಕ್ ಆಹೆ' ಎನ್ನುವಳು. ಕಲ್ಯಾಣದ ಒಂದು ಮನೆಗೆ ಹೋದ ಪೂರಾ ಗುಡ್ಡೆ ಮೆತ್ತಗಾಗಿ ಹಸಿರು ಬೂಷ್ಟು ಹಿಡಿಯಿತು. ಅವರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು, ಕೆಳಗೆ ಏನೂ ಬರೆದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟನ್ನೂ ಮತ್ತೆ ಬಡಿದು ಕಳಿಸಿದೆ, ಬಡಿಯುವಾಗ ಒಂದೊಂದು ಏಟಿಗೂ ದವಡೆ ಸಿಡಿಯುತ್ತಿತ್ತು. ಈ ಹಲ್ಲು ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ಆ ಬೂಷ್ಟಿನ ಫೋಟೋದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ವರ್ಷ ಕಟ್ಟಿದ ಹೆಸರು ಹೋದರೆ ಮನೆಯಲ್ಲಿ ಮೆತ್ತಗಿನ ಅನ್ನ ಕಲಸಿಕೊಂಡು ಕೂರುವುದೊಂದೇ ಬಾಕಿ.

ಒಂದು ಶನಿವಾರ ಮನೆಯವರು ಒಬ್ಬ ಒಳ್ಳೆಯ ಡಾಕ್ಟರು ಇದ್ದಾರೆ, ತೋರಿಸೋಣ ಎಂದು ಕಳವಾಕ್ಕೆ ಕರೆದುಕೊಂಡು ಹೋದರು. ನನ್ನ ಗಂಡ ಹುಟ್ಟಿ ಬೆಳೆದದ್ದು ಅಲ್ಲಿಯೇ, ಅತ್ತೆ ಮಾವ ಇದ್ದ ರೇಲ್ವೆ ಕಾರ್‌ಶೆಡ್ಡಿನ ಹಿಂದಿನ ಖೋಲಿಯಲ್ಲಿ. ಡಾಕ್ಟರು ವಯಸ್ಸಾದವರು, ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಹೊರಗೆ ಮಳೆ ಹೊಯ್ಯುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದರು, ನಾನು ಬಾಯಿ ತೆರೆದೆ. ಲೈಟು ಹಾಕಿ ಒಂದೇ ಸಲ ನೋಡಿದರು. ಆಮೇಲೆ ನನ್ನ ತಲೆಯ ಮೇಲಿನಿಂದ, ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕಡೆ ನೋಡಿ ಮರಾಠಿಯಲ್ಲಿ 'ಕಾಢೂ ನಾ?' ಎಂದರು. ತೆಗೆಯಲಾ ಎಂದು. ಇವರು 'ಹೋ, ಕಾಢಾ' ಎಂದರು. ಫೋನಿನಲ್ಲಿ ಮೊದಲೇ ಮಾತಾಗಿತ್ತು ಎಂದು ಆಗ ಹೊಳೆಯಿತು.

ಬಾಯಿ ನನ್ನದು, ತೆರೆದು ಕೂತವಳು ನಾನು, ಕೇಳಿದ್ದು ಬಾಗಿಲಲ್ಲಿ ನಿಂತವರನ್ನು. ಇಂಜೆಕ್ಷನ್ ಹತ್ತಿರ ಬರುತ್ತಿತ್ತು. ನಾನು ಬಾಯಿ ಮುಚ್ಚಿದೆ. ಡಾಕ್ಟರು 'ಉಘಡಾ ತಾಈ' ಎಂದರು, ತೆರೆಯಿರಿ ಎಂದು. ತೆರೆಯಲಿಲ್ಲ. ನೋವಾಗುವುದಿಲ್ಲ, ಎರಡು ನಿಮಿಷದ ಕೆಲಸ ಎಂದರು. ತೆರೆಯಲಿಲ್ಲ. ಮನೆಯವರು ಹತ್ತಿರ ಬಂದು ನನ್ನ ಹೆಸರು ಹಿಡಿದು ಕರೆದರು, ಹೆದರಬೇಡ ಎಂದರು. ಹೆದರಿಕೆ ಯಾರಿಗಿತ್ತು? ಹಲ್ಲು ಕಚ್ಚಿ ಹಿಡಿದಿದ್ದೆ, ಆ ಮುರಿದ ಹಲ್ಲನ್ನೂ ಸೇರಿಸಿ. ನೋವು ಕಣ್ಣಿಗೆ ಹತ್ತಿ ನೀರು ಸುರಿಯುತ್ತಿತ್ತು, ಆದರೂ ಬಿಡಲಿಲ್ಲ. ಕೊನೆಗೆ ಎದ್ದು, ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವರ ಟೇಬಲ್ಲಿನ ಮೇಲೆ ಮಡಿಚಿಟ್ಟು, ಮಳೆಯಲ್ಲೇ ಹೊರಗೆ ನಡೆದೆ.

ಕಳವಾ ಪ್ಲಾಟ್‌ಫಾರ್ಮಿನಲ್ಲಿ ಇವರು ಬಂದು ನನ್ನ ಪಕ್ಕ ನಿಂತರು. ಡಾಕ್ಟರ ಮುಂದೆ ಮಾನ ಕಳೆದೆ ಎಂದು ಶುರು ಮಾಡಿದರು. ನಾನು ಆಗ ಬಾಯಿ ತೆರೆದೆ.

"ನಿಮ್ಮ ಕಂಪನ್ಯಾಗ ಮಷೀನಿನ ಒಂದು ಪಾರ್ಟ್ ಮುರದ್ರ ಏನ್ ಮಾಡ್ತೀರಿ? ರಿಪೇರಿ ಮಾಡ್ತೀರೊ, ಕಿತ್ತು ಖಾಡಿಗೆ ಒಗೀತೀರೊ?"

"ಅದು ಕಂಪನಿ ಮಷೀನು. ಅದರ ಮ್ಯಾಲ ಕೆಲಸ ನಡೀತೈತಿ."

"ಇದರ ಮ್ಯಾಲೂ ಕೆಲಸ ನಡೀತೈತ್ರಿ. ಇಷ್ಟು ವರ್ಷ ನಿಮ್ಮ ತಂಗಿ ಉಟ್ಟಿದ್ದು ಇದರ ಮ್ಯಾಲಿನ ಕೆಲಸಾನ. ಇದು ನನ್ನ ಹಲ್ಲು, ನಾ ಉಳಿಸ್ಕೋತೀನಿ. ನೀವು ಕೊಡಬ್ಯಾಡ್ರಿ, ನಾ ಕೇಳಂಗಿಲ್ಲ."

ಸುತ್ತಲಿದ್ದವರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಲೋಕಲ್ಲು ಬಂತು, ಅವರು ಜೆಂಟ್ಸ್ ಡಬ್ಬ ಹತ್ತಿದರು, ನಾನು ಲೇಡೀಸ್ ಹತ್ತಿದೆ. ಮನೆಗೆ ಬಂದ ಮೇಲೂ ಒಂದಷ್ಟು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಊಟ ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು.

ನವಿ ಮುಂಬಯಿಯಲ್ಲಿ ಒಂದು ದಂತ ಕಾಲೇಜಿದೆ, ಅಲ್ಲಿ ಕಲಿಯುವ ಮಕ್ಕಳು ಕಡಿಮೆ ದುಡ್ಡಿಗೆ ಮಾಡುತ್ತಾರೆ ಎಂದು ನನ್ನ ಗಿರಾಕಿಯೊಬ್ಬರು ಹೇಳಿದರು. ಹೋದೆ. ಬೆಳಿಗ್ಗೆಯ ರೊಟ್ಟಿ ಮುಗಿಸಿ ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಸೇತುವೆ ಹತ್ತಿ ಇಳಿದು ವಾಶಿ ಕಡೆಯ ಗಾಡಿ. ಮನೆಯವರ ಡ್ಯೂಟಿಗೂ ಅದೇ ಗಾಡಿ. ಒಂದೇ ಮನೆಯಿಂದ ಹೊರಟ ನಾವು ಮಾತಿಲ್ಲದೆ ಬೇರೆ ಬೇರೆ ಡಬ್ಬ ಹತ್ತುತ್ತಿದ್ದೆವು. ರಬಾಳೆಯಲ್ಲಿ ಅವರು ಕೊಡೆ ಬಿಚ್ಚಿ ಇಳಿದು ಹೋಗುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಕಾಲೇಜಿನಲ್ಲಿ ಉದ್ದ ಹಾಲು, ಸಾಲು ಸಾಲು ಕುರ್ಚಿ, ಎಲ್ಲದರಲ್ಲೂ ನನ್ನಂಥವರು ಬಾಯಿ ತೆರೆದುಕೊಂಡು ಮಲಗಿದ್ದರು. ನನಗೆ ಸಿಕ್ಕವಳು ನಾಗಪುರ ಕಡೆಯ ಹುಡುಗಿ, ಪ್ರಿಯಾಗಿಂತ ಸ್ವಲ್ಪ ದೊಡ್ಡವಳು. ಎಕ್ಸ್‌ರೇ ನೋಡಿ ಹಲ್ಲು ಉಳಿಯಬಹುದು, ಆದರೆ ಬಹಳ ಸಲ ಬರಬೇಕಾಗುತ್ತದೆ, ನನ್ನದು ನಿಧಾನ, ಸರ್ ಬಂದು ನೋಡಿದ ಮೇಲೆಯೇ ಮುಂದಿನ ಕೆಲಸ ಎಂದು ಮೊದಲೇ ಹೇಳಿದಳು. ಆಮೇಲೆ ನನ್ನ ಕಣ್ಣು ನೋಡಿ, ಉಳಿಸೋಣವಾ ಆಂಟಿ, ನೀವು ಹೇಳಿ ಎಂದಳು. ಅಷ್ಟೂ ದಿನಗಳಲ್ಲಿ ಆ ಮಾತನ್ನು ನನ್ನನ್ನು ಕೇಳಿದವಳು ಅವಳೊಬ್ಬಳೇ. ಉಳಿಸು ಎಂದೆ.

ನಿಧಾನ ಎಂದರೆ ನಿಧಾನವೇ. ಬಾಯಿಗೆ ರಬ್ಬರಿನ ಹಾಳೆ ಬಿಗಿದು, ಸೂಜಿಯಂಥ ಸಣ್ಣ ಅರದಿಂದ ಬೇರಿನ ಒಳಗೆ ತಿಕ್ಕುವಳು. ಸರ್ ಬರುವವರೆಗೆ ನಾನು ಮಲಗಿಯೇ ಇರಬೇಕು. ಒಂದು ಸಲ ಮಳೆಗೆ ಹಳಿಯ ಮೇಲೆ ನೀರು ನಿಂತು ಥಾಣೆಯಲ್ಲೇ ಸಿಕ್ಕಿಬಿದ್ದೆ, ಆ ಪಾಳಿ ತಪ್ಪಿತು. ಒಂದು ಸಲ ಅರ ಆಳಕ್ಕೆ ಹೋಗಿ ನಾನು ಕುರ್ಚಿಯಿಂದ ಒಂದು ಗೇಣು ಮೇಲೆದ್ದೆ, ಅವಳೂ ಅಳುಮುಖ ಮಾಡಿದಳು. ನಾನೇ ಅವಳ ಕೈ ತಟ್ಟಿದೆ. ಕೊನೆಗೆ ಕ್ಯಾಪಿನ ಪ್ರಶ್ನೆ ಬಂತು. ಹಲ್ಲಿನ ಬಣ್ಣದ್ದು ದುಬಾರಿ, ಮೆಟಲ್ಲಿನದು ಅಗ್ಗ, ಆದರೆ ಕಪ್ಪು ಬೆಳ್ಳಿಯಂತೆ ಕಾಣುತ್ತದೆ. ನಾನು ಮಾಡುವ ಕೆಲಸ ಹೇಳಿದೆ, ರೊಟ್ಟಿಯ ಒಂದು ತುಂಡನ್ನೂ ಒಯ್ದು ತೋರಿಸಿದೆ. ಸರ್ ಅದನ್ನು ಬೆರಳಲ್ಲಿ ಮುರಿದು ನೋಡಿ, ಗಟ್ಟಿಯಾಗಿ ಕಡಿಯುವವರಿಗೆ ಮೆಟಲ್ಲೇ ಸರಿ, ಆದರೂ ನಿಧಾನವಾಗಿ ಕಡಿಯಿರಿ ಎಂದರು. ಮೆಟಲ್ ಹಾಕಿಸಿದೆ. ಪಂಚಮಿಯ ರೊಟ್ಟಿಯ ದುಡ್ಡು ಬಹುಪಾಲು ಅಲ್ಲಿಗೆ ಆಯಿತು, ನನಗೆ ಕಿಂಚಿತ್ತೂ ಬೇಜಾರಾಗಲಿಲ್ಲ. ಕನ್ನಡಿಯ ಮುಂದೆ ಬಾಯಿ ಅಗಲಿಸಿ ಆ ಹಲ್ಲನ್ನು ಎಷ್ಟು ಸಲ ನೋಡಿಕೊಂಡೆನೋ.

ಮನೆಯವರು ಅಷ್ಟರಲ್ಲಿ ಒಂದೊಂದೇ ಮಾತು ಆಡತೊಡಗಿದ್ದರು. ತಪ್ಪಾಯಿತು ಎಂದು ಯಾವತ್ತೂ ಹೇಳಲಿಲ್ಲ, ಹೇಳುವ ಪೈಕಿಯೂ ಅಲ್ಲ. ಆದರೆ ಕೊನೆಯ ಪಾಳಿಯ ದಿನ ಕಲ್ಯಾಣದ ಆರ್ಡರಿನ ಚೀಲಗಳನ್ನು ತಾವೇ ಹೊತ್ತು ಮುಟ್ಟಿಸಿ ಬಂದರು. ಸೀರೆಯ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಅವರು ತಮ್ಮ ಪಗಾರದಿಂದ ತರಬಹುದಿತ್ತು, ತರಲಿಲ್ಲ. ಕೊನೆಗೆ ನಾನೇ ತರುತ್ತೇನೆ ಎಂದು ಕಾದಿದ್ದರೇನೋ.

ರೊಟ್ಟಿ ಹಬ್ಬದ ದಿನ ಸುಶೀಲಾ ಶಹಾಡಿನಿಂದ ಬಂದಳು. ಮುಳಗಾಯಿ ಪಲ್ಯ, ಮಡಿಕೆ ಕಾಳು, ಅಗಸಿ ಚಟ್ನಿ, ಶೇಂಗಾ ಉಂಡಿ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ನೆರೆಯ ಮರಾಠಿಯವರ ಮನೆಗೂ ತಟ್ಟೆ ಹೋಗಿ ಬಂದಿತ್ತು. ಊಟಕ್ಕೆ ಮೊದಲು ನಾದಿನಿಗೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಬಟ್ಟೆ. ಅವಳು ಸೆರಗು ಹಿಡಿದೇ ಇದ್ದಳು, ಇನ್ನೂ ಏನೋ ಬರುವುದಿದೆ ಎಂದು. ಬರಲಿಲ್ಲ. ಮನೆಯವರು ನೆಲ ನೋಡುತ್ತಿದ್ದರು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ಸುಶೀಲಾ, ಈ ವರ್ಷ ಸೀರಿ ಇಲ್ಲವ್ವ. ಸೀರಿ ರೊಕ್ಕ ನನ್ನ ಹಲ್ಲಿಗೆ ಹಾಕ್ಕೊಂಡೀನಿ."

ಅವಳ ಮುಖ ಇಳಿಯಿತು. ಇಳಿದರೂ ಮಾತಿಗೇನೂ ಕಡಿಮೆಯಿಲ್ಲ. "ಹಲ್ಲು ಬಾಯಾಗ ಇರ್ತಾವ ವೈನಿ, ಯಾರ್ ನೋಡ್ತಾರ? ತವರಮನಿ ಸೀರಿ ನಾಕ ಮಂದಿ ನೋಡ್ತಾರ."

"ಹೌದು, ಯಾರೂ ನೋಡಂಗಿಲ್ಲ. ಅದಕ್ಕ ನಾನರ ನೋಡ್ಕೋಬೇಕಾತು."

ಅವಳು ಮರುವರ್ಷ ಪಂಚಮಿಗೆ ಬರಲಿಲ್ಲ, ಏನೋ ನೆಪ ಹೇಳಿದಳು. ಈಗ ಬರುತ್ತಾಳೆ. ಸೀರೆಯನ್ನು ಅವಳ ಅಣ್ಣ ತನ್ನ ಪಗಾರದಿಂದ ತರುತ್ತಾರೆ, ಬಣ್ಣ ಮಾತ್ರ ಪ್ರತಿ ಸಲ ತಪ್ಪುತ್ತದೆ. ಆದರೆ ಅವತ್ತು ಊಟಕ್ಕೆ ಕೂತಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಪ್ರಿಯಾ ಕೂಡ ಮೊಬೈಲು ಕೆಳಗಿಟ್ಟಿದ್ದಳು. ಮಗಳ ಉಡಿಯಲ್ಲಿ ಸೀರೆ ಬೀಳದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಈಗ ಅವರಿಂದ ಬರುವುದು ಬರಲಿ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ತಮ್ಮ ರೊಟ್ಟಿಯನ್ನು ಎಂದಿನಂತೆ ಹಾಲಿನಲ್ಲಿ ನೆನೆಹಾಕಿ ಕೂತಿದ್ದರು. ನಾನು ಕಡಕ್ ರೊಟ್ಟಿಯ ನಡುವಿನ ಚೂರು ಮುರಿದು ಬಲಗಡೆ ದವಡೆಗೆ ಕೊಟ್ಟೆ. ಕಟುಂ ಎಂದಿತು. ಆ ಮೌನದಲ್ಲಿ ಅಡುಗೆಮನೆಯವರೆಗೂ ಕೇಳಿಸಿತು.

ಅತ್ತೆ ತಲೆ ಎತ್ತಿದರು. ಕೈಯಲ್ಲಿದ್ದ ಹಾಲಿನ ಬಟ್ಟಲನ್ನು ಕೆಳಗಿಟ್ಟರು.

"ಕಳವಾ ಊರಾಗ ನನ್ನ ಹಲ್ಲು ಕಿತ್ತಾಗ ನಿಮ್ಮ ಮಾವ ಬಾಗಲದಾಗ ನಿಂತಿದ್ರು. ಎಲ್ಲಾ ತಗೀರಿ ಅಂತ ಅವರ ಹೇಳಿದ್ರು. ಅದರಾಗ ಎಷ್ಟೋ ಗಟ್ಟಿ ಹಲ್ಲು ಇದ್ದುವು. ನಾ ಬಾಯಿ ತಕ್ಕೊಂಡ ಕುಂತಿದ್ನಿ," ಎಂದರು. ಮಗನ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. "ಇನ್ನೊಂದ ಸಲ ಕಡಿ. ಕೇಳ್ತೀನಿ."

ನಾನು ದೊಡ್ಡದೊಂದು ಚೂರು ಮುರಿದುಕೊಂಡು ಕಡಿದೆ.